ಬಾಯಿಪಾಠದಾಗ ಬಿಟ್ಟುಹೋದ ಸಾಲು

ನಾನು ಏಳನೇ ಇಯತ್ತೆ ಕಲಿತವ. 1972ರ ಬರಗಾಲದಾಗ ಸಾಲಿ ಬಿಟ್ಟೆ. ಜತ್ತ ತಾಲೂಕಿನ ನಮ್ಮಂಥ ಊರುಗಳಲ್ಲಿ ಆಗ ಸಾಲಿ ಬಿಟ್ಟ ಹುಡುಗರು ಬಹಳ ಮಂದಿ. ಖಡಿ ಒಡೆಯುವ ಕೆಲಸಕ್ಕೆ ಹೋದೆವು, ಅಲ್ಲಿ ಕೊಟ್ಟ ಸುಕಡಿ ತಿಂದು ದಿನ ಕಳೆದೆವು. ಅಂಥವನು ಈಗ ಗಣಿತದ ಮಾತು ಬರೆಯಾಕ ಕೂತಾನ ಅಂತ ಮಾಸ್ತರ ಮಂದಿ ನಕ್ಕರೆ ನನಗೇನೂ ಸಿಟ್ಟಿಲ್ಲ. ನಾನು ಬರೆಯುವುದು ಗಣಿತಕ್ಕಿಂತ ಹೆಚ್ಚಾಗಿ ನನ್ನ ಒಂದು ತಪ್ಪಿನ ವಿಷಯ. ಆ ತಪ್ಪು ಎಂಥಾದ್ದು ಅನ್ನೂದು ನನಗೆ ಸರಿಯಾಗಿ ತಿಳಿದದ್ದು ಮೊಮ್ಮಗಳ ಗಣಿತದಿಂದ, ಅದಕ್ಕೆ ಅದನ್ನೂ ಹೇಳಲೇಬೇಕು.

ಮೊಮ್ಮಗಳು ಹತ್ತನೇ ಇಯತ್ತೆ ತನಕ ಕನ್ನಡ ಸಾಲಿ ಕಲಿತಳು. ಈಗ ಹನ್ನೆರಡನೇ ಇಯತ್ತೆ ಸೈನ್ಸು, ಎಲ್ಲಾ ಇಂಗ್ಲಿಷಿನಾಗ. ಹಾಸ್ಟೆಲ್ಲಿನಾಗ ಇರ್ತಾಳೆ. ದೀಪಾವಳಿ ಸೂಟಿಗೆ ಬಂದಾಗ ಪಡಸಾಲ್ಯಾಗ ಅಡ್ಡಾಡುತ್ತಾ ಮಗ್ಗಿ ಹೇಳಿದಂತೆ ಹೇಳತಿದ್ದಳು: ಸೈನ್‌ದ ಡೆರಿವೇಟಿವ್ ಕಾಸ್, ಕಾಸ್‌ದ ಡೆರಿವೇಟಿವ್ ಮೈನಸ್ ಸೈನ್. ಮತ್ತೆ ಮೊದಲಿಂದ. ಆ ಮೈನಸ್ ಒಮ್ಮೊಮ್ಮೆ ಸೈನ್‌ಗೆ ಬೀಳೂದು, ಒಮ್ಮೊಮ್ಮೆ ಕಾಸ್‌ಗೆ ಬೀಳೂದು.

"ಇದರ ಅರ್ಥ ಏನ ಯವ್ವಾ?" ಅಂದೆ.

"ಅರ್ಥ ಆಮ್ಯಾಲ ಮುತ್ಯಾ. ಮೊದಲ ಬಾಯಿಪಾಠ ಆಗಲಿ."

ಈಗಿನ ಮಾಸ್ತರರು ಬಾಯಿಪಾಠ ಅಂದರೆ ಮುಖ ಕಿವುಚುತ್ತಾರೆ. ಗಿಳಿಪಾಠ ಅಂತಾರೆ. ನಾನು ಹಾಗೆ ಅನ್ನಲಾರೆ. ನಮ್ಮಪ್ಪ ಪಾವಕಿ, ನಿಮಕಿ, ದೀಡಕಿ ಎಲ್ಲಾ ಬಾಯಿಲೇ ಇಟ್ಟುಕೊಂಡಿದ್ದ. ಸಂತ್ಯಾಗ ಅಡತಿ ಅಂಗಡಿಯವ ಪೆನ್ನು ತೆಗೆಯೂದರಾಗ ಅಪ್ಪ ರೊಕ್ಕ ಎಷ್ಟು ಅಂತ ಹೇಳಿಬಿಡತಿದ್ದ. ನಾನಂತೂ ಬದುಕಿದ್ದೇ ಬಾಯಿಪಾಠದ ಮೇಲೆ. ಇನ್ನೂರರ ಮೇಲೆ ಪದ ನನ್ನ ಬಾಯಾಗ ಅದಾವ. ತತ್ವಪದ ಕಲಿಯುವಾಗ ಅರ್ಥ ಕೇಳಿಕೊಂಡು ಕಲಿತವರು ಯಾರು? ಹದಿನೇಳು ವರ್ಷದ ಹುಡುಗ ಒಂಬತ್ತು ಬಾಗಿಲ ಮನಿ ಅಂತ ಹಾಡತಾನ, ಅವನಿಗೆ ತನ್ನ ಮೈಯೇ ಆ ಮನಿ ಅಂತ ತಿಳಿಯಾಕ ಮೂವತ್ತು ವರ್ಷ ಬೇಕು. ಮೊದಲು ಬಾಯಿಗೆ ಬರಬೇಕು. ಬಾಯಾಗ ಇದ್ದರಲ್ಲವೇ ಎಂದಾದರೂ ಒಂದಿನ ತಲಿಗೆ ಏರೂದು.

ಆದರೂ ಆಕಿಗೆ ಅಷ್ಟಕ್ಕೆ ಬಿಡಲಿಲ್ಲ. ಕೂಡ್ರಿಸಿಕೊಂಡು ಕೇಳಿದೆ. ಆಕಿ ಕಡ್ಡಿ ತಗೊಂಡು ಅಂಗಳದಾಗ ಒಂದು ಚೌಕ ಹೊಲ ಗೀಚಿದಳು. ಒಂದೊಂದು ಬಾಜೂ 100 ಫೂಟು, ಒಟ್ಟು 10,000 ಚೌಕ ಫೂಟು. ಎರಡು ಬಾಜೂದ ಒಡ್ಡು ಒಂದೊಂದು ಫೂಟು ಹೊರಗೆ ಸರಿಸಿದರೆ ಎಷ್ಟು ಹೊಲ ಹೆಚ್ಚಾಯಿತು? 101ರ ವರ್ಗ 10,201. ಹೆಚ್ಚಾದದ್ದು 201. ಇದರಾಗ ಎರಡು ಪಟ್ಟಿ, ಒಂದೊಂದು 100 ಫೂಟು ಉದ್ದ, ಅಲ್ಲಿಗೆ 200. ಉಳಿದ ಒಂದು ಚೌಕ ಫೂಟು ಮೂಲಿ. ಒಡ್ಡನ್ನು ಒಂದು ಫೂಟಿನ ಹತ್ತನೇ ಪಾಲಷ್ಟೇ ಸರಿಸಿದರೆ? ಪಟ್ಟಿ ಎರಡೂ ಕೂಡಿ 20 ಚೌಕ ಫೂಟು, ಮೂಲಿ ಮಾತ್ರ ನೂರನೇ ಒಂದು ಪಾಲಿಗೆ ಇಳಿಯಿತು. ಇನ್ನೂ ಸಣ್ಣದು ಸರಿಸಿದಂತೆ ಪಟ್ಟಿಗಿಂತ ಮೂಲಿ ಎಷ್ಟೋ ಲಗೂ ಸಣ್ಣದಾಗತದ. ಕಡೀಕ ಲೆಕ್ಕಕ್ಕೆ ಉಳಿಯೂದು ಎರಡು ಪಟ್ಟಿ. ಬಾಜೂಕ್ಕೆ ಎಕ್ಸ್ ಅಂದರೆ ಎಕ್ಸ್‌ದ ವರ್ಗಕ್ಕೆ ಎರಡು ಎಕ್ಸ್. "ಘಾತ ಮುಂದೆ ತಂದು ಗುಣಿಸು, ಘಾತದಾಗ ಒಂದು ಕಳೆ ಅಂತ ನಾವು ಪಾಠ ಮಾಡೂದು ಇದನ್ನೇ ಮುತ್ಯಾ," ಅಂದಳು. ನಾಲ್ಕೂ ಬಾಜೂ ಸಮ ಇರದ, ಉದ್ದಗಲ ಬ್ಯಾರೆ ಬ್ಯಾರೆ ಇರುವ ಹೊಲಕ್ಕೂ ಹಾಗೇ ಎರಡು ಪಟ್ಟಿಯಂತೆ, ಒಂದು ಉದ್ದಕ್ಕೆ, ಒಂದು ಅಗಲಕ್ಕೆ. ಗುಣಾಕಾರದ ಸೂತ್ರ ಅದೇ ಅಂತೆ.

ನನಗೆ ಮೂಲಿ ಬಿಟ್ಟದ್ದು ಸೇರಲಿಲ್ಲ. "ಯವ್ವಾ, ಅಷ್ಟೇ ಅಷ್ಟು ಮೂಲಿಗೆ ನಮ್ಮ ಊರಾಗ ಅಣ್ಣತಮ್ಮರು ಕೋರ್ಟಿಗೆ ಹೋಗ್ಯಾರ," ಅಂದೆ. ಆಕಿ ನಕ್ಕಳು. ಆದರೆ ಅದನ್ನ ಯಾಕ ಬಿಡೂದು ಅನ್ನೂದಕ್ಕೆ ಆಕಿ ಹತ್ತಿರ ಕಾರಣ ಇತ್ತು, ಅಂಗಳದಾಗ ಗೀಚಿ ತೋರಿಸಿದಳು. ಈ ಮಾತು ಮುಂದೆ ಬೇಕಾಗತದ, ನೆನಪಿಟ್ಟುಕೊಳ್ಳಿರಿ.

ಇದನ್ನು ವಾಚನಾಲಯದಾಗ ಒಬ್ಬ ಮಾಸ್ತರರಿಗೆ ಹೇಳಿದೆ. ಅವರು ಭಾಸ್ಕರಾಚಾರ್ಯರ ಮಾತು ತೆಗೆದರು. ಅವರು 1114ರಾಗ ಹುಟ್ಟಿದವರು, 36ನೇ ವರ್ಷಕ್ಕೆ, ಅಂದರೆ 1150ರಾಗ ಸಿದ್ಧಾಂತಶಿರೋಮಣಿ ಬರೆದರಂತೆ. ಗ್ರಹ ಒಂದು ದಿನದಾಗ ಎಷ್ಟು ಸರಿಯಿತು ಅನ್ನೂದಷ್ಟೇ ಅಲ್ಲ, ಈ ಕ್ಷಣದಾಗ ಅದರ ವೇಗ ಎಷ್ಟು ಅನ್ನೂದನ್ನೂ ಲೆಕ್ಕ ಹಾಕಿದ್ದರಂತೆ. ಮೊಮ್ಮಗಳು ಅಡ್ಡಾಡುತ್ತಾ ಹೇಳುವ ಸೈನ್, ಕಾಸ್ ನಂಟು ಆ ಲೆಕ್ಕದಾಗ ಆಗಲೇ ಬಂದಿತ್ತು ಅಂತ ಮಾಸ್ತರರು ಹೇಳಿದರು. ನನಗೆ ಹಿಡಿಸಿದ ಮಾತು ಬ್ಯಾರೆ. ಆ ಪುಸ್ತಕ ಪೂರಾ ಶ್ಲೋಕದಾಗ ಐತಂತೆ, ಬಾಯಾಗ ಇಟ್ಟುಕೊಳ್ಳಲಿ ಅಂತ. ಆಮೇಲೆ ಅದಕ್ಕೆ ತಾವೇ ಗದ್ಯದಾಗ ವ್ಯಾಖ್ಯಾನ ಬರೆದರಂತೆ, ಯಾಕ ಹಾಗೆ ಅಂತ ತಿಳಿಯಲಿ ಅಂತ. ಒಂದೇ ಕೈ ಎರಡೂ ಬರೆದೈತಿ. ಬಾಯಿಪಾಠ ದೊಡ್ಡದೋ ತಿಳುವಳಿಕೆ ದೊಡ್ಡದೋ ಅಂತ ನಾವು ಜಗಳ ಆಡತೀವಿ.

ನನಗೂ ಹುರುಪು ಬಂತು. ಈ ಸೂತ್ರಗಳನ್ನು ಭಜನಿ ಧಾಟಿಯಾಗ ಕೂಡ್ರಿಸತೀನಿ ಅಂದೆ. ಎರಡು ದಿನ ಏಕತಾರಿ ಹಿಡಿದು ಕೂತೆ. ಡೆರಿವೇಟಿವ್ ಒಂದು ನುಡಿ, ಅದರ ಉಲ್ಟಾ ಇಂಟಿಗ್ರೇಷನ್ ಒಂದು ನುಡಿ. ಉಲ್ಟಾದಾಗ ಘಾತ ಒಂದು ಏರಿಸಬೇಕು, ಏರಿದ ಘಾತದಿಂದ ಭಾಗಿಸಬೇಕು. ಘಾತ ಮೈನಸ್ ಒಂದು ಇದ್ದರೆ ಮಾತ್ರ ಇದು ನಡೆಯೂದಿಲ್ಲ, ಸೊನ್ನೆಯಿಂದ ಭಾಗಿಸುವ ಹಾಗಾಗತದ. ಅಲ್ಲಿ ಲಾಗ್ ಅಂತ ಬ್ಯಾರೆ ಒಂದು ಬರತದ. ಅದು ಚಾಲದಾಗ ಚಂದ ಕೂತಿತು. ಕಾಸ್‌ನ ಮೈನಸ್ ಮೇಲೆ ತಾಳದ ಪೆಟ್ಟು ಬೀಳುವ ಹಾಗೆ ಮಾಡಿದೆ, ಇನ್ನು ಮರೆಯುವ ಮಾತಿಲ್ಲ. ತ್ರಾಸ ಕೊಟ್ಟದ್ದು ಒಂದೇ. ಇಂಟಿಗ್ರೇಷನ್‌ದ ಪ್ರತಿ ಸಾಲಿನ ಕೊನೆಗೆ "ಪ್ಲಸ್ ಸಿ" ಅಂತ ಬರತಿತ್ತು. ಅದು ಬಂದಲ್ಲೆಲ್ಲಾ ತಾಳ ಮುರಿಯೂದು.

"ಇದೇನು ಬಾಲ?" ಅಂದೆ.

"ಕಾನ್‌ಸ್ಟಂಟ್ ಅಂತ ಮುತ್ಯಾ. ಎಲ್ಲಾದಕ್ಕೂ ಹಚ್ಚತಾರ."

"ಎಲ್ಲಾದಕ್ಕೂ ಹಚ್ಚೂದಾದರ ಹಾಡಿನಾಗ ಯಾಕ ಬೇಕು? ನಿನಗ ಗೊತ್ತೇ ಐತಲ್ಲ." ತೆಗೆದುಬಿಟ್ಟೆ. ಹಾಡು ಹರಿಯುವ ನೀರಿನಂಗ ಆಯಿತು.

ಹಾಸ್ಟೆಲ್ಲಿನಾಗ ಆ ಹಾಡು ನಡೆಯಿತಂತೆ. ಕೋಣೆಯ ಹುಡುಗಿಯರೆಲ್ಲಾ ಕಲಿತರು. ಕನ್ನಡ ಬರದ ಒಬ್ಬ ಮರಾಠಿ ಹುಡುಗಿಯೂ ಕಲಿತಳು. ತಿಂಗಳಾದ ಮೇಲೆ ಚಾಚಣಿ ಪರೀಕ್ಷೆ. ಕಾಸ್‌ನ ಮೈನಸ್ ಯಾರೂ ತಪ್ಪಲಿಲ್ಲ. ಇಂಟಿಗ್ರೇಷನ್ ಲೆಕ್ಕದಾಗ ಮಾತ್ರ ನಾಲ್ಕೂ ಹುಡುಗಿಯರು ಸಿ ಬಿಟ್ಟು ಬರೆದು ಬಂದಿದ್ದರು, ಲೆಕ್ಕಕ್ಕೊಂದರಂತೆ ಗುಣ ಹೋದವು. ಮೊಮ್ಮಗಳು ಫೋನ್ ಮಾಡಿ ನಗುತ್ತಲೇ ಹೇಳಿದಳು, ಆದರೆ ದನಿ ಸಣ್ಣದಾಗಿತ್ತು. ಆಕಿ ಇಂಜಿನಿಯರಿಂಗ್ ಸೀಟಿಗೆ ಒಂದೊಂದು ಗುಣ ಎಣಿಸುವ ಹುಡುಗಿ. ಬರೀ ಪುಸ್ತಕದಿಂದ ಪಾಠ ಮಾಡಿದ್ದರೆ ಒಬ್ಬಾಕಿ ತಪ್ಪತಿದ್ದಳು, ಇಬ್ಬರು ತಪ್ಪತಿದ್ದರು. ಹಾಡು ಚಲೋ ಇತ್ತು, ಅದಕ್ಕೇ ನಾಲ್ವರೂ ತಪ್ಪಿದರು.

ಸಂಕ್ರಮಣಕ್ಕೆ ಬಂದಾಗ ಕೇಳಿದೆ, ಆ ಸಿ ಅಂದರೆ ಏನು ಅಂತ. ಈ ಸಲ ಆಕಿ ಅರ್ಥ ಕಲಿತು ಬಂದಿದ್ದಳು. ಬದಲಾಗುವ ವೇಗ ತೆಗೆಯುವಾಗ ಬದಲಾಗದೇ ನಿಂತದ್ದು ಸೊನ್ನೆ ಆಗಿ ಮಾಯ ಆಗತದ. ತಿರುಗಿ ಬರುವಾಗ ಅಲ್ಲಿ ಏನಿತ್ತು ಅಂತ ಗೊತ್ತಾಗೂದಿಲ್ಲ, ಅದಕ್ಕೆ ಸಿ ಬರೀತಾರ ಅಂದಳು. ನನಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ರಾತ್ರಿ ಕರೆಂಟ್ ಬಂದದ್ದಕ್ಕೆ ಮೋಟರ್ ಹಚ್ಚಲು ಬಾವಿಗೆ ಹೋದಾಗ ಹೊಳೀತು. ನಮ್ಮ ಬಾವ್ಯಾಗ ಸೆಲಿ ತಾಸಿಗೆ ಅರ್ಧ ಫೂಟು ನೀರು ಏರಿಸತದ ಅಂತ ಹಿಡಿಯಿರಿ. ಎಂಟು ತಾಸಿಗೆ ನಾಲ್ಕು ಫೂಟು. ಹಾಗಾದರೆ ಬೆಳಿಗ್ಗೆ ಬಾವ್ಯಾಗ ನೀರೆಷ್ಟು? ನಾಲ್ಕು ಫೂಟು ಅಂದರೆ ತಪ್ಪು. ಸಂಜಿಗೆ ಎಷ್ಟಿತ್ತೋ ಅದರ ಮೇಲೆ ನಾಲ್ಕು. ತಳ ಕಂಡ ಬಾವಿಗೂ ಹತ್ತು ಫೂಟು ನಿಂತ ಬಾವಿಗೂ ಏರುವ ವೇಗ ಒಂದೇ ಇರಬಹುದು. ವೇಗದ ಲೆಕ್ಕ ಎಷ್ಟೇ ಪಕ್ಕಾ ಇದ್ದರೂ ಸಂಜಿ ನೀರನ್ನು ಅದು ಹೇಳೂದಿಲ್ಲ. ಮನಿಗೆ ಬಂದು, "ಸಿ ಅಂದರ ಸಂಜಿಗೆ ಬಾವ್ಯಾಗ ಇದ್ದ ನೀರೇನು?" ಅಂದೆ. ಮೊಮ್ಮಗಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಹೌದು ಮುತ್ಯಾ, ಅದೇ," ಅಂದಳು.

ಆ ರಾತ್ರಿ ನನಗೆ ನಿದ್ದಿ ಬರಲಿಲ್ಲ.

ನನಗೆ ಪದ ಕಲಿಸಿದ ಗುರುಗಳಿಗೆ ಅಕ್ಷರ ಬರತಿರಲಿಲ್ಲ. ಒಂದೊಂದು ಸಾಲು ಅವರು ಹೇಳೂದು, ನಾನು ತಿರುಗಿ ಹೇಳೂದು. ಒಂದು ತತ್ವಪದ ಇತ್ತು, ಐದು ನುಡಿಯದು. ಮೂರನೇ ನುಡಿಯಾಗ ಒಂದು ಸಾಲು ಎಲ್ಲಿಯೂ ಕೂಡುತ್ತಿರಲಿಲ್ಲ, ಉದ್ದ ಬ್ಯಾರೆ. ಅರ್ಥ ಕೇಳಿದರೆ ಗುರುಗಳು, "ಈಗ ತಿಳೀಲಿಲ್ಲಂದ್ರ ಹಿಡಕೊಂಡಿರು," ಅಂದರು, ಅಷ್ಟೇ. ಅವರು ಇರೋತನಕ ಹಿಡಕೊಂಡಿದ್ದೆ. ಅವರು ಹೋದ ಮೇಲೆ ನಮ್ಮ ಮೇಳದ ಕ್ಯಾಸೆಟ್ ಆಯಿತು. ಹಾಡು ಸ್ವಲ್ಪ ಸಣ್ಣದು ಮಾಡಿರಿ ಅಂದರು. ನನ್ನ ಕೈ ಸೀದಾ ಆ ಸಾಲಿಗೇ ಹೋಯಿತು. ಗುರುಗಳು ಎಲ್ಲೋ ತಪ್ಪಿ ಕಲಿತಿರಬೇಕು ಅಂತ ಮನಸಿನಾಗೇ ಅಂದುಕೊಂಡೆ. ಕ್ಯಾಸೆಟ್ ಚಲೋ ಹೋಯಿತು. ಈ ಕಡೆ ಆ ಪದ ಹಾಡುವವರೆಲ್ಲಾ ಅದನ್ನೇ ಕೇಳಿ ಕಲಿತರು.

ಎಷ್ಟೋ ವರ್ಷದ ಮೇಲೆ ನಮ್ಮವ್ವ ತೀರಿಕೊಂಡಳು. ರಾತ್ರಿ ಭಜನಿ ಇಟ್ಟಿದ್ದೆವು. ಅದೇ ಪದ ಹಾಡತಿದ್ದೆ. ಮೂರನೇ ನುಡಿಗೆ ಬಂದಾಗ ಬರಗಾಲದ ವರ್ಷ ಕಣ್ಣ ಮುಂದೆ ನಿಂತಿತು. ನಾವು ಮಕ್ಕಳು ಸರಕಾರಿ ಮಿಲೋ ಜೋಳದ ಕೆಂಪು ರೊಟ್ಟಿ ತಿನ್ನಲಾರದೆ ಅಳತಿದ್ದೆವು. ಅವ್ವ ಬೂದಿ ಹಚ್ಚಿ ಗಡಗಿಯಾಗ ನಾಲ್ಕು ಸೇರು ಬಿತ್ತನಿ ಜೋಳ ಮುಚ್ಚಿಟ್ಟಿದ್ದಳು, ಕೊಡಲಿಲ್ಲ. ನಾನು ಆಕಿನ್ನ ಬೈದಿದ್ದೆ. ಬಿಟ್ಟ ಸಾಲಿನಾಗ ಬೀಜದ ಜೋಳದ ಮಾತಿತ್ತು, ಹಸಿದ ಮನಿಯ ಮಾತಿತ್ತು. ಅದು ನಮ್ಮವ್ವನ ಸಾಲು ಅಂತ ಆಗ ತಿಳೀತು. ಬಾಯಿ ತೆರೆದೆ, ಸಾಲು ಬರಲಿಲ್ಲ. ಇಂದಿಗೂ ಬಂದಿಲ್ಲ. ಗುರುಗಳ ಜೊತೆ ಹಾಡಿದವರು ಯಾರೂ ಉಳಿದಿಲ್ಲ. ಬ್ಯಾರೆ ಮೇಳದವರನ್ನು ಕೇಳಿದೆ, ಎಲ್ಲರ ಬಾಯಾಗ ನಾನು ಕತ್ತರಿಸಿದ ಪದವೇ.

ಗುರುಗಳು ಕೊಟ್ಟದ್ದನ್ನೆಲ್ಲಾ ಕಣ್ಣು ಮುಚ್ಚಿ ಹೊರಬೇಕು ಅಂತ ನಾನು ಹೇಳೂದಿಲ್ಲ. ಹೆಣ್ಣುಮಕ್ಕಳನ್ನು ಹೀಯಾಳಿಸುವ ಸಾಲುಗಳು, ಇನ್ನೊಂದು ಜಾತಿಯವರನ್ನು ಕೀಳು ಮಾಡುವ ಸಾಲುಗಳು ನಮ್ಮ ಹಳೇ ಲಾವಣಿಯಾಗ ಇದ್ದವು. ಅವನ್ನು ನಾನು ಬಿಟ್ಟೀನಿ, ಯಾಕ ಬಿಟ್ಟೆ ಅಂತ ಮೇಳದವರಿಗೆ ಹೇಳೀನಿ, ಅದಕ್ಕೆ ಇವತ್ತಿಗೂ ಮನಸ್ಸು ಕಚ್ಚೂದಿಲ್ಲ. ಮೊಮ್ಮಗಳು ಹೊಲದ ಮೂಲಿ ಬಿಟ್ಟದ್ದೂ ಅಂಥಾದ್ದೇ, ಎಷ್ಟು ಬಿಟ್ಟೆ ಯಾಕ ಬಿಟ್ಟೆ ಅಂತ ಆಕಿಗೆ ಗೊತ್ತಿತ್ತು. ಸಿ ತೆಗೆದಾಗ, ಗುರುಗಳ ಸಾಲು ತೆಗೆದಾಗ ನನಗೆ ಏನು ಗೊತ್ತಿತ್ತು? ತಾಳ ಮುರಿಯತದ ಅನ್ನೂದೊಂದೇ. ನನಗೆ ತಿಳಿಯದ್ದು ಯಾರಿಗೂ ಬೇಕಾಗಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಅರ್ಥ ತಿಳಿಯದೆ ಹಾಡಿದ್ದಕ್ಕೆ ನನಗೆ ನಾಚಿಕಿ ಇಲ್ಲ. ಒಂದು ಸಾಲು ಬಿಟ್ಟೀನಿ ಅಂತ ಹೇಳದೇ, ಪದ ಪೂರಾ ಐತಿ ಅನ್ನೂ ಹಂಗ ಮಂದಿಗೆ ಕೊಟ್ಟೆನಲ್ಲ, ಅದಕ್ಕೆ ಐತಿ.

ಆಕಿಯ ಪುಸ್ತಕದವರು ಜಾಣರು. ಹೋದದ್ದು ಎಷ್ಟು ಅಂತ ಅವರಿಗೂ ಗೊತ್ತಿಲ್ಲ. ಆದರೆ ಏನೋ ಇತ್ತು ಅಂತ ಒಂದು ಅಕ್ಷರ ಇಟ್ಟು ಜಾಗ ಹಿಡಿದಾರೆ. ಸಂಜಿಗೆ ಬಾವಿ ನೋಡಿದವ ಯಾರಾದರೂ ಸಿಕ್ಕರೆ ಅಲ್ಲಿ ಅಂಕಿ ತುಂಬಬಹುದು.

ಹಾಡನ್ನು ಈಗ ತಿದ್ದೀವಿ. ಸಿ ಬರುವಲ್ಲಿ ತಾಳ ಮುರಿಯತದ, ಮುರಿಯಲಿ ಅಂತ ಬಿಟ್ಟೀವಿ. ಹುಡುಗಿಯರು ಅಲ್ಲಿಗೆ ಬಂದಾಗ ನಗತಾರಂತೆ, ಅದರಿಂದಲೇ ನೆನಪು ಉಳೀತದಂತೆ. ನನ್ನ ತತ್ವಪದದಾಗೂ ಮೂರನೇ ನುಡಿಗೆ ಬಂದಾಗ ಹಾಡು ನಿಲ್ಲಿಸಿ, ಒಂದು ಸಾಲಿನಷ್ಟು ಹೊತ್ತು ಬರೀ ಏಕತಾರಿ ಮೀಟತೀನಿ. ಕೇಳುವವರಿಗೆ ಕಾರಣನೂ ಹೇಳತೀನಿ. ಹಿಮ್ಮೇಳದ ಹುಡುಗರಿಗೆ ಮೊದಮೊದಲು ಬ್ಯಾಸರ ಆಗತಿತ್ತು, ಈಗ ರೂಢಿ ಆಗ್ಯಾರ.

ಇದನ್ನು ಓದುವವರಲ್ಲಿ ಒಂದು ಬೇಡಿಕೆ. ಉಮದಿ, ಸಂಖ, ಚಡಚಣ, ಮಂಗಳವೇಢೆ ಕಡೆ ನಿಮ್ಮ ಮನೆಯಾಗ ವಯಸ್ಸಾದವರು ಇದ್ದರೆ, ಕ್ಯಾಸೆಟ್ ಬರುವ ಮೊದಲು ಭಜನಿ ಕೇಳಿದವರಿದ್ದರೆ, ಬೀಜದ ಜೋಳದ ಮಾತಿರುವ ಒಂದು ಉದ್ದನೆಯ ಸಾಲು ನೆನಪೈತೇನು ಅಂತ ಕೇಳಿರಿ. ಅರ್ಧ ನೆನಪಿದ್ದರೂ ನಡೀತದ. ವಾಚನಾಲಯದಾಗ ಒಂದು ವಹಿ ಇಟ್ಟಾರೆ, ಅದರಾಗ ಬರೆದು ಹೋದರೆ ಸಾಕು, ನಾನು ಸೋಮವಾರಕ್ಕೊಮ್ಮೆ ಬಂದು ನೋಡತೀನಿ.