ನಿರಾಶ್ರಿತರ ಮನೆ ಮತ್ತು ಬೌದ್ಧರ ಅಪರಿಗ್ರಹ

ಇದು ನನ್ನದು ಎಂಬ ಹಿಡಿತವೇ ದುಃಖದ ಬೇರು ಎನ್ನುತ್ತದೆ ಬೌದ್ಧಧರ್ಮ. ನೆಲೆ ಕಳೆದುಕೊಂಡು ಬಂದ ಕುಟುಂಬಕ್ಕಾದರೋ ನನ್ನದು ಎನ್ನಬಹುದಾದ ಒಂದು ಸೂರೇ ಮೊದಲ ಆಸರೆ. ಈ ಎರಡೂ ಎದುರುಬದುರಾಗುವ ಜಾಗವೊಂದು ಚಾಮರಾಜನಗರ ಜಿಲ್ಲೆಯಲ್ಲಿದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ 1970ರ ದಶಕದ ಮೊದಲರ್ಧದಲ್ಲಿ ಟಿಬೆಟನ್ ನಿರಾಶ್ರಿತರಿಗಾಗಿ ಧೋಂಡೆನ್‌ಲಿಂಗ್ ಎಂಬ ನೆಲೆ ಏರ್ಪಟ್ಟಿತು. ಬೈಲಕುಪ್ಪೆಯ ಎರಡು, ಮುಂಡಗೋಡ ಮತ್ತು ಹುಣಸೂರಿನ ತಲಾ ಒಂದು ಸೇರಿ ಕರ್ನಾಟಕದ ಐದು ಟಿಬೆಟನ್ ನೆಲೆಗಳಲ್ಲಿ ಇದೂ ಒಂದು.

1959ರಲ್ಲಿ ದಲೈ ಲಾಮಾ ಅವರ ಹಿಂದೆ ಗಡಿ ದಾಟಿ ಬಂದವರಿಗೆ ಇಂಥ ನೆಲೆಗಳಲ್ಲಿ ವಾಸಕ್ಕೆ ಮನೆ, ಉಳುಮೆಗೆ ಜಮೀನು ದೊರೆತವು. ಒಡೆಯರಪಾಳ್ಯದ ಕುಟುಂಬಗಳು ಮುಸುಕಿನ ಜೋಳ ಬೆಳೆದು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿ ಬದುಕು ಕಟ್ಟಿಕೊಂಡವು. ಆದರೆ ನೆಲ ಅವರ ಖಾತೆಗೆ ಏರಲಿಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿಯೂ ಹೇಳುವುದು 20 ವರ್ಷದ ಗುತ್ತಿಗೆಯನ್ನೇ. ಇಂದಿರಾ ಆವಾಸ್‌ನಂಥ ವಸತಿ ಯೋಜನೆಗಳ ನೆರವನ್ನು ಇವರಿಗೂ ವಿಸ್ತರಿಸಬಹುದೆಂದು ಅದು ಸೂಚಿಸಿತು. ನೆಲ ಸ್ವಂತವಾಗದಿದ್ದರೂ ಪೌರತ್ವ ಕೆಲವರಿಗೆ ಹುಟ್ಟಿನಿಂದಲೇ ಬಂತು: ಪೌರತ್ವ ಕಾಯ್ದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪ್ರಜೆಗಳು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪಿತ್ತವು. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜಿ ವಿದೇಶಿಯಾಗಿಯೂ ಮಗ ಭಾರತೀಯನಾಗಿಯೂ ಇರಬಹುದು.

ಸ್ವಂತ ಮನೆಯ ವಿಷಯದಲ್ಲಿ ಬೌದ್ಧಧರ್ಮ ಭಿಕ್ಷುವಿಗೆ ಒಂದು ಮಾತು, ಗೃಹಸ್ಥನಿಗೆ ಇನ್ನೊಂದು ಮಾತು ಹೇಳುತ್ತದೆ. ದಾನಿಯಿಲ್ಲದೆ ತನಗಾಗಿ ಗುಡಿಸಲು ಕಟ್ಟಿಕೊಳ್ಳುವ ಭಿಕ್ಷು ಬುದ್ಧನ ಗೇಣಿನಲ್ಲಿ 12 ಗೇಣು ಉದ್ದ, 7 ಗೇಣು ಅಗಲ ಮೀರಬಾರದು, ಜಾಗವನ್ನು ಸಂಘಕ್ಕೆ ತೋರಿಸಿ ಒಪ್ಪಿಗೆ ಪಡೆಯಬೇಕು ಎಂಬುದು ವಿನಯದ, ಅಂದರೆ ಭಿಕ್ಷುಗಳ ಶಿಸ್ತಿನ ಸಂಹಿತೆಯ, ನಿಯಮ. ಆಳವಿ ಎಂಬ ಊರಿನ ಭಿಕ್ಷುಗಳು ಮನೆ ಕಟ್ಟಲು ಆಳು, ಎತ್ತು, ಕೊಡಲಿ ಕೇಳಿ ಕೇಳಿ ಜನರನ್ನು ಪೀಡಿಸಿದ್ದೇ ಈ ನಿಯಮಕ್ಕೆ ಕಾರಣ. ಜೇತವನವೆಂಬ ಉದ್ಯಾನವನ್ನು ನಾಣ್ಯ ಹಾಸಿ ಕೊಂಡ ವರ್ತಕ ಅನಾಥಪಿಂಡಿಕ ಅದನ್ನು ಕೊಟ್ಟದ್ದು ಒಬ್ಬ ವ್ಯಕ್ತಿಗಲ್ಲ, ಇರುವ ಮತ್ತು ಬರಲಿರುವ ನಾಲ್ಕು ದಿಕ್ಕಿನ ಸಂಘಕ್ಕೆ.

ಅದೇ ಅನಾಥಪಿಂಡಿಕನಿಗೆ ಬುದ್ಧ ಹೇಳಿದ ಗೃಹಸ್ಥನ ನಾಲ್ಕು ಸುಖಗಳು ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿವೆ: ಧರ್ಮದಿಂದ ದುಡಿದದ್ದು ತನ್ನಲ್ಲಿದೆ ಎಂಬ ಸುಖ, ಅದನ್ನು ಉಂಡು ಪುಣ್ಯಕ್ಕೂ ಬಳಸುವ ಸುಖ, ಸಾಲವಿಲ್ಲದ ಸುಖ, ನಡತೆಯಲ್ಲಿ ಕಳಂಕವಿಲ್ಲದ ಸುಖ. ಕೊನೆಯದು ಎಲ್ಲಕ್ಕಿಂತ ಮಿಗಿಲು. ಆದರೆ ಮೊದಲ ಮೂರನ್ನು ಅಲ್ಲಗಳೆದಿಲ್ಲ.

ವಿನಯ ಮನೆಗೆ ಗರಿಷ್ಠ ಅಳತೆ ಇಟ್ಟರೆ ಸರ್ಕಾರ ಇಡುವುದು ಕನಿಷ್ಠ ಅಳತೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆ ಅಡುಗೆಯ ಜಾಗವೂ ಸೇರಿ 25 ಚದರ ಮೀಟರಿಗೆ ಕಡಿಮೆ ಇರಬಾರದು. ಇವೆರಡರ ನಡುವೆ ವಿರೋಧವಿಲ್ಲ. ಒಂದು ಆಸೆಗೆ ಹಾಕಿದ ಮಿತಿ, ಇನ್ನೊಂದು ಕೊರತೆಗೆ ಹಾಕಿದ ಮಿತಿ.

ಹಾಗಾದರೆ ಆ ಮನೆ ನಿಲ್ಲುವ ನೆಲದ ಹಕ್ಕು ಬರುವುದು ಹುಟ್ಟಿನಿಂದಲೋ ಕರುಣೆಯಿಂದಲೋ? ಇದೇ ಜಿಲ್ಲೆಯ ಮೂಲನಿವಾಸಿಗಳ ಕಥೆ ನೋಡಿದರೆ ಹುಟ್ಟೊಂದೇ ಸಾಲದೆಂದು ತಿಳಿಯುತ್ತದೆ. ಹೊರಗಿನಿಂದ ಬಂದವರಿಗೆ ಒಡೆಯರಪಾಳ್ಯದಲ್ಲಿ ನೆಲೆ ಸಿಕ್ಕ ವರ್ಷಗಳಲ್ಲೇ ಬಂಡೀಪುರ ಹುಲಿ ಯೋಜನೆಗೆ ಸೇರಿತು, ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಯಿತು. ಸೋಲಿಗರೂ ಜೇನುಕುರುಬರೂ ಕಾಡಿನೊಳಗಿನ ನೆಲೆಗಳನ್ನು ಬಿಡಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ, 2011ರಲ್ಲಿ, ಬಿಳಿಗಿರಿಯ ಸೋಲಿಗರಿಗೆ ಸಮುದಾಯದ ಹಕ್ಕುಪತ್ರ ದಕ್ಕಿತು. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಾಡಿಗಳ ಜೇನುಕುರುಬರು ಅತಿ ಹಿಂದುಳಿದ ಬುಡಕಟ್ಟುಗಳಿಗಾಗಿ 2023ರಲ್ಲಿ ಬಂದ ಜನಮನ್ ಯೋಜನೆಯ ವ್ಯಾಪ್ತಿಗೆ ಬರುತ್ತಾರೆ. ಅದರಡಿ ಒಂದು ಮನೆಗೆ 2 ಲಕ್ಷ ರೂಪಾಯಿ ನೆರವಿದೆ.

ಕರುಣೆಯೊಂದೇ ಸಾಲದೆಂಬುದನ್ನು ಗುತ್ತಿಗೆಯ ಮನೆ ತೋರಿಸುತ್ತದೆ: ಕರುಣೆಯಿಂದ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲೂ ಬಹುದು. ಹಕ್ಕುಪತ್ರವಿಲ್ಲದವರಿಗೆ ಅನಿತ್ಯವನ್ನು ಬೋಧಿಸಿ ಸಮಾಧಾನ ಹೇಳುವುದು ಧರ್ಮವನ್ನು ಆಡಳಿತದ ನೆಪವಾಗಿಸಿದಂತೆ. ಅಪರಿಗ್ರಹ, ಅಂದರೆ ಏನನ್ನೂ ತನ್ನದೆಂದು ಹಿಡಿದಿಟ್ಟುಕೊಳ್ಳದಿರುವುದು, ಒಂದು ವ್ರತ; ವ್ರತವನ್ನು ತಾನಾಗಿ ತೊಡಬೇಕು. ಭಿಕ್ಷು ಮನೆಯನ್ನು ಬಿಟ್ಟು ಬರುತ್ತಾನೆ, ನಿರಾಶ್ರಿತನಿಂದ ಮನೆಯನ್ನು ಕಿತ್ತುಕೊಳ್ಳಲಾಗಿರುತ್ತದೆ. ಆದ್ದರಿಂದ ಮನೆಗೆ ಅಂಟಿಕೊಳ್ಳಬೇಡ ಎಂಬ ಉಪದೇಶ ನ್ಯಾಯವಾಗಿ ಸಲ್ಲುವುದು, ಅದನ್ನು ಇಟ್ಟುಕೊಳ್ಳುವ ಹಕ್ಕು ಕೈಯಲ್ಲಿದ್ದವರಿಗೆ.