ದೈವ, ಪೌರುಷ ಮತ್ತು ಗರಗಸದ ಮೇಜು

ದೇಹಕ್ಕೊದಗುವ ಹಾನಿಯಲ್ಲಿ ದೈವದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬ ಪ್ರಶ್ನೆ ಶಾಸ್ತ್ರಗ್ರಂಥಗಳಲ್ಲಿ ಎಷ್ಟು ಹಳೆಯದೋ ಮರಗೆಲಸದ ಶೆಡ್ಡುಗಳಲ್ಲಿ ಅಷ್ಟೇ ಜೀವಂತವಾದುದು. ಸಿನಿಮಾ ಸೆಟ್ಟುಗಳನ್ನು ಕಟ್ಟುವ ಶೆಡ್ಡುಗಳನ್ನೇ ತೆಗೆದುಕೊಳ್ಳಿ. 1948ರಲ್ಲಿ ಎವಿಎಂ ಚಿತ್ರ ಸ್ಟುಡಿಯೋ ಕಾರೈಕುಡಿಯಿಂದ ಮದರಾಸಿನ (ಇಂದಿನ ಚೆನ್ನೈ) ಕೋಡಂಬಾಕ್ಕಂಗೆ ಬಂದು ನೆಲೆಸಿತು. ಅರಮನೆ, ಗುಡಿ, ಬೀದಿಗಳನ್ನು ಮರದಲ್ಲಿ ಕಟ್ಟಿ ನಿಲ್ಲಿಸುವ ಬಡಗಿಗಳ ದುಡಿಮೆಯಿಲ್ಲದೆ ಅಲ್ಲಿನ ಚಿತ್ರೋದ್ಯಮ ಬೆಳೆಯುತ್ತಿರಲಿಲ್ಲ, ಕನ್ನಡ ಚಿತ್ರಗಳೂ ದಶಕಗಳ ಕಾಲ ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದವು.

ಆ ಕಾಲದಲ್ಲಿಯೇ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ರಾಜಕುಮಾರ್ ನಾಯಕರಾಗಿ ನಟಿಸಿದ 'ಬೇಡರ ಕಣ್ಣಪ್ಪ' ತೆರೆಕಂಡಿತು. ಕಾಳಹಸ್ತಿಯ ಲಿಂಗದ ಕಣ್ಣಿನಿಂದ ರಕ್ತ ಸುರಿದಾಗ ತನ್ನ ಕಣ್ಣನ್ನೇ ಕಿತ್ತು ಅರ್ಪಿಸಿದ ಕಣ್ಣಪ್ಪನ ಕಥೆಯಲ್ಲಿ, ಅರ್ಪಣೆಗೆ ಬೆಲೆ ಬಂದದ್ದು ಅಂಗ ಹೋದದ್ದರಿಂದಲ್ಲ, ಅವನು ಅರಿತು, ಒಲಿದು ಕೊಟ್ಟದ್ದರಿಂದ. ಎರಡನೆಯ ಕಣ್ಣನ್ನು ಕೀಳುವ ಮೊದಲು, ಕುರುಡಾದ ಮೇಲೂ ಜಾಗ ತಪ್ಪಬಾರದೆಂದು ಅವನು ಕಾಲ್ಬೆರಳನ್ನು ಗುರುತಾಗಿ ಊರಿದನೆಂಬ ವಿವರದಲ್ಲಿ ಭಕ್ತಿಯ ಪರಾಕಾಷ್ಠೆಯೂ ಕರಾರುವಾಕ್ಕಾದ ಎಚ್ಚರವೂ ಒಂದಾಗಿವೆ. ಹೀಗಿರುವಾಗ, ಯಂತ್ರಕ್ಕೆ ಸಿಕ್ಕಿ ಹೋದ ಬೆರಳನ್ನು ದೈವಕ್ಕೆ ಸಂದ ಬಲಿಯೆಂದು ಸಮಾಧಾನಪಟ್ಟುಕೊಳ್ಳುವುದಕ್ಕೆ ಆ ಕಥೆಯ ಬೆಂಬಲವಿಲ್ಲ.

ಬಡಗಿಯ ಬೆರಳಿಗೆ ಅಪಾಯ ತರುವ ಅಂಥ ಯಂತ್ರಗಳಲ್ಲೊಂದು ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ದುಂಡು ಬ್ಲೇಡಿಗೆ ಹಲಗೆಯನ್ನು ತಳ್ಳಿ ಕೊಯ್ಯುವ ಯಂತ್ರ. ಬ್ಲೇಡಿನ ಮುಂದಿನ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತಿದರೆ ಹಿಂದಿನವು ಮೇಲಕ್ಕೇಳುತ್ತಿರುತ್ತವೆ. ಒಳಬಿಗಿತವಿರುವ ಮರದ ಸೀಳು ಮುಚ್ಚಿಕೊಂಡಾಗ, ಅಥವಾ ಹಲಗೆಯ ಅಂಚಿಗೆ ಆಸರೆಯಾದ ಫೆನ್ಸ್ ಎಂಬ ಪಟ್ಟಿ ಬ್ಲೇಡಿಗೆ ಸಮಾಂತರವಾಗಿರದೆ ಹಿಂಬದಿಯಲ್ಲಿ ಇಕ್ಕಟ್ಟಾದಾಗ, ಆ ಹಲ್ಲುಗಳು ಹಲಗೆಯನ್ನು ಎತ್ತಿ ತಳ್ಳುವವನತ್ತಲೇ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ಸೀಳು ಮುಚ್ಚದಂತೆ ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಎಂಬ ತೆಳು ಉಕ್ಕಿನ ಪಟ್ಟಿ, ಬ್ಲೇಡನ್ನು ಮರೆಮಾಡುವ ಗಾರ್ಡ್, ಸಣ್ಣ ತುಂಡು ಕೊಯ್ಯುವಾಗ ಬೆರಳಿನ ಬದಲು ಬಳಸುವ ತಳ್ಳುಕೋಲು, ಬ್ಲೇಡಿನ ನೇರ ಬಿಟ್ಟು ಪಕ್ಕಕ್ಕೆ ನಿಲ್ಲುವ ರೂಢಿ, ಇವೆಲ್ಲ ಈ ಅಪಾಯವನ್ನು ಅರಿತು ಕಂಡುಕೊಂಡ ಉಪಾಯಗಳು. ಅಳತೆಗೆ ಸರಿಯಾದ ಕೊಯ್ತವನ್ನು ಕೊಡುವ ನೇರವಾದ ಫೆನ್ಸೇ ಕೈಯನ್ನೂ ಕಾಯುತ್ತದೆಯಾದ್ದರಿಂದ, ಕೆಲಸದ ಶುದ್ಧಿಯೂ ದುಡಿಯುವವನ ಕ್ಷೇಮವೂ ಇಲ್ಲಿ ಬೇರೆಬೇರೆಯಲ್ಲ.

ಕಾರಣ ಗೊತ್ತಿರುವ ಹಾನಿಯನ್ನು ಹಣೆಬರಹವೆನ್ನುವುದನ್ನು ಯೋಗವಾಸಿಷ್ಠವೆಂಬ ವೇದಾಂತಗ್ರಂಥವೂ ಒಪ್ಪುವುದಿಲ್ಲ. ಅದರ ಮುಮುಕ್ಷುವ್ಯವಹಾರ ಪ್ರಕರಣವು ದೈವವೆಂಬುದು ಹಿಂದಿನ ಪ್ರಯತ್ನದ ಫಲವೇ ಹೊರತು ಬೇರೊಂದು ಶಕ್ತಿಯಲ್ಲವೆಂದೂ, ಇಂದಿನ ಪೌರುಷ, ಅಂದರೆ ಮನುಷ್ಯಪ್ರಯತ್ನ, ಅದನ್ನು ಮೀರಬಲ್ಲದೆಂದೂ ವಾದಿಸುತ್ತದೆ. ಆದರೆ ಈ ವಾದವನ್ನು ಗಾಯಗೊಂಡವನೊಬ್ಬನ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ಕೆಲಸ ಬೇಗ ಸಾಗಲೆಂದು ಗಾರ್ಡ್ ಕಳಚಿಸಿದ ಯಜಮಾನನೂ, ಬೆಳಗಾಗುವುದರೊಳಗೆ ಸೆಟ್ಟು ನಿಲ್ಲಬೇಕೆಂದು ನಿದ್ದೆಗೆಟ್ಟವರನ್ನು ದುಡಿಸಿದ ಗುತ್ತಿಗೆದಾರನೂ ಆ ಹಿಂದಿನ ಪ್ರಯತ್ನದಲ್ಲಿ ಪಾಲುದಾರರು. ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕೆಂದ 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಈ ಹಂಚಿಕೊಂಡ ಹೊಣೆಗೆ ಕಾನೂನಿನ ರೂಪ ಕೊಟ್ಟಿತು.

ಮಹಾನವಮಿಯ ಆಯುಧಪೂಜೆಯಂದು ಯಂತ್ರವನ್ನು ನಿಲ್ಲಿಸಿ, ಮರದ ಪುಡಿ ಗುಡಿಸಿ, ಕುಂಕುಮವಿಡುವ ಆಚರಣೆಯನ್ನು ಈ ಬೆಳಕಿನಲ್ಲಿ ನೋಡಿದರೆ, ಅದು ರಕ್ಷಣೆಯ ಹೊರೆಯನ್ನು ದೇವರಿಗೆ ದಾಟಿಸುವ ವಿಧಿಯಲ್ಲ. ಅನ್ನ ಕೊಡುವ ಉಪಕರಣಕ್ಕೆ ಕೈ ಕಸಿಯುವ ಬಲವೂ ಇದೆಯೆಂದು ಒಪ್ಪಿಕೊಳ್ಳುವ ವಿಧಿ. ಈ ಒಪ್ಪಿಗೆ ಪ್ರಾಮಾಣಿಕವಾಗಿದ್ದರೆ, ಪೂಜೆ ಮಾಡಿಸಿದ ಯಜಮಾನನು ಮರುದಿನ ಗಾರ್ಡಿಲ್ಲದ ಯಂತ್ರದ ಮುಂದೆ ಯಾರನ್ನೂ ನಿಲ್ಲಿಸಲಾರನು.