ನಮ್ಮ ಭದ್ರತೆಯ ಕ್ರಯವನ್ನು ಕೊಟ್ಟವರು

2018ನೇ ದಶಂಬರ 13ರಂದು ನಮ್ಮ ಮಲ್ಪೆಯ ಬಂದರದಿಂದ ಹೊರಟ ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆಯ ದೋಣಿಯು ಎರಡು ದಿನಗಳ ಮೇಲೆ ಏಳು ಮಂದಿಯ ಸಂಗಡ ಕಾಣದೆ ಹೋದದ್ದನ್ನು ನೀವು ಮರೆತಿರಲಾರಿರಿ. ಅವರಲ್ಲಿ ಇಬ್ಬರು ಉಡುಪಿಯ ಸೀಮೆಯವರು, ಐವರು ಉತ್ತರ ಕನ್ನಡದವರು. 2019ನೇ ಮೇ ತಿಂಗಳಲ್ಲಿ ಮಾಲ್ವಣದ ಎದುರಿನ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ಕಂಡುಹಿಡಿದದ್ದು ನೌಕಾಸೈನ್ಯದ ನಿರೀಕ್ಷಕ್ ಎಂಬ ಹಡಗು. ನೌಕಾಸೈನ್ಯದ ಹಡಗೇ ದೋಣಿಗೆ ತಾಗಿರಬೇಕೆಂದು ಮೀನುಗಾರರು ಸಂಶಯಪಟ್ಟದ್ದೂ ಉಂಟು. ಆ ವಿವಾದವನ್ನು ತೀರಿಸುವದು ನನ್ನ ಕೆಲಸವಲ್ಲ. ಆ ದಂಡು ನಮಗೆ ದೂರದ್ದಲ್ಲವೆಂದು ಮಾತ್ರ ಹೇಳುತ್ತೇನೆ. ಕಾಪುವಿನ ದೀಪಸ್ತಂಭದ ಸಮೀಪದಲ್ಲಿ ಬಲೆ ಬೀಸುವವನೂ ಕಾರ್ಕಳದಲ್ಲಿ ಗದ್ದೆ ಉಳುವವನೂ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ ರೋಗಿಯೂ ರಾತ್ರಿಯಲ್ಲಿ ಹೆದರದೆ ನಿದ್ರಿಸುವದು ಅದರ ಕಾವಲಿನಲ್ಲಿಯೇ.

ಈ ಕಾವಲಿಗೆ ಒಂದು ಕ್ರಯವುಂಟು. ತೆರಿಗೆಯ ರೂಪದಲ್ಲಿ ನಾವೂ ಸ್ವಲ್ಪ ಕೊಡುತ್ತೇವೆ. ಆದರೆ ಮನೆಯನ್ನೇ ಕೊಟ್ಟವರು ಬೇರೆ ಇದ್ದಾರೆ.

ಬೊಂಬಾಯಿಯ ಬಂದರವು ವ್ಯಾಪಾರದ ಹಡಗುಗಳಿಂದ ಇಕ್ಕಟ್ಟಾದ ಕಾರಣ, ನೌಕಾಸೈನ್ಯಕ್ಕೆ ಬೇರೊಂದು ದೊಡ್ಡ ನೆಲೆಯು ಬೇಕಾಯಿತು. ಗುಡ್ಡಗಳ ಮರೆಯೂ ಆಳವಾದ ನೀರೂ ಇರುವ ಕಾರವಾರವು ಅದಕ್ಕೆ ತಕ್ಕದ್ದೆಂದು ಕಂಡಿತು. 1986ನೇ ಅಕ್ಟೋಬರ 24ರಂದು ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಅಸ್ತಿವಾರದ ಕಲ್ಲನ್ನಿಟ್ಟರು; 2005ನೇ ಮೇ 31ರಂದು ನೆಲೆಯು ಕದಂಬ ಎಂಬ ಹೆಸರಿನಿಂದ ಕೆಲಸಕ್ಕೆ ತೊಡಗಿತು. ಅದಕ್ಕಾಗಿ ಸುಮಾರು 11,000 ಎಕರೆ ಭೂಮಿ ಹೋಯಿತು. ಅರ್ಗಾ, ಬಿಣಗಾ, ಚೆಂಡಿಯಾ ಮೊದಲಾದ ಕಾರವಾರ ಮತ್ತು ಅಂಕೋಲೆಯ ಸೀಮೆಯ ಊರುಗಳಿಂದ 4,000ಕ್ಕೂ ಮಿಕ್ಕಿದ ಕುಟುಂಬಗಳು ಏಳಬೇಕಾಯಿತು. ಹಾಲಕ್ಕಿ ಒಕ್ಕಲಿಗರು ತೆಂಗಿನ ತೋಟವನ್ನೂ ಗದ್ದೆಯನ್ನೂ ಬಿಟ್ಟರು. ಹರಿಕಾಂತರೂ ಖಾರ್ವಿಗಳೂ ತಾವು ದೋಣಿ ಎಳೆಯುತ್ತಿದ್ದ ದಂಡೆಯನ್ನೇ ಬಿಟ್ಟರು. ತೋಡೂರು, ಮುದಗಾ, ಹಾರವಾಡ, ಬೇಲೆಕೇರಿಗಳಲ್ಲಿ ಅವರಿಗೆ ಹೊಸ ನಿವೇಶನಗಳಾದವು. ಭೂಮಿಗೆ ಮೊದಲು ನಿರ್ಣಯಿಸಿದ ಪರಿಹಾರವು ಬಹಳ ಅಲ್ಪವೆಂದು ನ್ಯಾಯಸ್ಥಾನಗಳೇ ಕಂಡು ಅದನ್ನು ಹೆಚ್ಚಿಸಿದವು. ಆದರೂ ಹಣವು ಕೈಗೆ ಬರುವ ಮೊದಲು ಅನೇಕ ಮುದುಕರು ತೀರಿಹೋದರು. ಮಳೆಗಾಲದಲ್ಲಿ ನೆಲೆಯ ಗೋಡೆಯು ನೀರನ್ನು ತಡೆದು ತಮ್ಮ ಮನೆಗಳಿಗೆ ನುಗ್ಗಿಸುತ್ತದೆಂದು ಚೆಂಡಿಯಾದವರು ಈಗಲೂ ದೂರುವದುಂಟು.

ಇದನ್ನು ಕೇಳಿ ಕೆಲವರು, "ದೇಶಕ್ಕಾಗಿ ಅವರು ತ್ಯಾಗ ಮಾಡಿದರು," ಎಂದು ಹೇಳಿ ಸುಮ್ಮನಾಗುತ್ತಾರೆ. ಈ ಮಾತು ನನಗೆ ಸರಿತೋರುವದಿಲ್ಲ. ತ್ಯಾಗವೆಂಬದು ಕೊಡುವವನು ತಾನಾಗಿ ಕೊಡುವಂಥಾದ್ದು. ಸರಕಾರದ ನೋಟೀಸು ಬಂದ ಮೇಲೆ ಎದ್ದುಹೋದವನ ಸಂಗತಿಯನ್ನು, ಏನನ್ನೂ ಕಳಕೊಳ್ಳದೆ ಮನೆಯಲ್ಲಿ ಕೂತ ನಾವು ತ್ಯಾಗವೆಂದು ಕರೆದರೆ, ಅದರಿಂದ ಅವನಿಗಾಗುವ ಮಾನಕ್ಕಿಂತ ನಮಗಾಗುವ ಲಾಭವೇ ಹೆಚ್ಚು. ಯಾಕಂದರೆ ದಾನವಾಗಿ ಬಂದದ್ದಕ್ಕೆ ಸಾಲಪತ್ರವಿಲ್ಲ.

ಇನ್ನು ಕೆಲವರು ಇದನ್ನು ನಾಬೋತನ ದ್ರಾಕ್ಷೇತೋಟಕ್ಕೆ ಹೋಲಿಸುತ್ತಾರೆ. ಅದೂ ನ್ಯಾಯವಲ್ಲ. ಅಹಾಬನಿಗೆ ಬೇಕಾದದ್ದು ಅರಮನೆಯ ಹತ್ತಿರ ಕಾಯಿಪಲ್ಯದ ತೋಟ; ಇಲ್ಲಿ ಬೇಕಾದದ್ದು ಇಡೀ ಕರಾವಳಿಯ ಕಾವಲು. ನಮಗೆ ಹೆಚ್ಚು ಸಮೀಪವಾದದ್ದು ಅರೌನನ ಕಣದ ಸಂಗತಿ. ದೇಶದಲ್ಲಿ ವ್ಯಾಧಿ ಹಬ್ಬಿ ಜನರು ಸಾಯುತ್ತಿದ್ದರು. ಅದು ನಿಲ್ಲುವದಕ್ಕಾಗಿ ದಾವೀದನಿಗೆ ಆ ಕಣವು ಬೇಕಾಯಿತು. ಇದಕ್ಕಿಂತ ಸಾರ್ವಜನಿಕವಾದ ಅಗತ್ಯವು ಯಾವದು? ಅರೌನನು ಕಣವನ್ನೂ ಎತ್ತುಗಳನ್ನೂ ಸುಮ್ಮನೆ ಕೊಡುವದಕ್ಕೆ ಸಿದ್ಧನಾಗಿದ್ದನು. ಆದರೂ ಅರಸನು ಒಪ್ಪಲಿಲ್ಲ. ಐವತ್ತು ಶೆಕೆಲ್ ಬೆಳ್ಳಿಯನ್ನು ಕೊಟ್ಟ ಮೇಲೆಯೇ ಅಲ್ಲಿ ಯಜ್ಞವೇದಿಯನ್ನು ಕಟ್ಟಿದನು. ಅಗತ್ಯವು ಎಷ್ಟು ದೊಡ್ಡದೋ, ಕ್ರಯ ಕೊಡುವದರಲ್ಲಿ ಅಷ್ಟು ಜಾಗ್ರತೆಯಿತ್ತು. ನಮ್ಮಲ್ಲಿ ಅದು ತಿರುಗಾಮುರುಗಾ ಆಯಿತು. ಅಗತ್ಯವು ದೊಡ್ಡದೆಂದು ಹೇಳಿ ಭೂಮಿಯನ್ನು ಬೇಗನೆ ತೆಗೆದುಕೊಂಡೆವು, ಕ್ರಯವನ್ನು ನಿಧಾನವಾಗಿ ಕೊಟ್ಟೆವು. "ನಾವು" ಎಂದು ಬೇಕೆಂದೇ ಬರೆದಿದ್ದೇನೆ. ಸರಕಾರವು ನಮ್ಮ ಹೆಸರಿನಲ್ಲಿಯೇ, ನಮ್ಮ ರಕ್ಷಣೆಗಾಗಿಯೇ ಅದನ್ನು ಮಾಡಿತಲ್ಲವೋ?

ಹಣದಿಂದ ತೀರದ ನಷ್ಟಗಳೂ ಉಂಟು. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಪೋರ್ಚುಗೀಸರ ಕಾಲದ ಒಂದು ದೇವಾಲಯವಿದೆ. ಕಾಣಕೋಣದ ಕಡೆಯ ಕಥೋಲಿಕರು ವರ್ಷಕ್ಕೆ ಎರಡಾವರ್ತಿ ದೋಣಿಗಳಲ್ಲಿ ಅಲ್ಲಿಗೆ ಹಬ್ಬಕ್ಕೆ ಹೋಗುತ್ತಿದ್ದರು. ದ್ವೀಪವು ನೆಲೆಯೊಳಗೆ ಸೇರಿದ ಮೇಲೆ ಆ ಯಾತ್ರೆ ನಿಂತಿತು. ಕಾವಲಿರುವ ಸ್ಥಳದೊಳಗೆ ಕಂಡವರನ್ನೆಲ್ಲಾ ಬಿಡುವದಕ್ಕಾಗುವದಿಲ್ಲವೆಂದು ನಾನು ಬಲ್ಲೆನು. ಆದರೆ ಆ ಯಾತ್ರಿಕರು ಕಳಕೊಂಡದ್ದಕ್ಕೆ ಯಾವ ದರಪಟ್ಟಿಯುಂಟು?

ಹಾಗಾದರೆ ನಾವೇನು ಮಾಡಬೇಕು? ಇನ್ನೊಮ್ಮೆ ಎಲ್ಲಿಯಾದರೂ ಇಂಥ ಭೂಮಿಯನ್ನು ತೆಗೆಯುವಾಗ, ಏಳುವ ಮೊದಲೇ ಪೂರ್ಣ ಕ್ರಯವು ಸಲ್ಲಬೇಕೆಂದು ಕೇಳುವವರು ಏಳುವವರು ಮಾತ್ರವೇ ಆಗಿರಬಾರದು. ನಿದ್ರೆ ಮಾಡುವವರೂ ಕೇಳಬೇಕು. ಅದರ ಮೊದಲು ಒಂದು ಚಿಕ್ಕ ಕೆಲಸವುಂಟು. ಸುವರ್ಣ ತ್ರಿಭುಜದಲ್ಲಿದ್ದ ಆ ಐವರಂತೆ ಉತ್ತರ ಕನ್ನಡದ ಅನೇಕರು ಈಗಲೂ ಮಲ್ಪೆಯ ದೋಣಿಗಳಲ್ಲಿ ಕೂಲಿಗೆ ಬರುತ್ತಾರೆ. ಕಾರವಾರದ ಕಡೆಯವನು ಸಿಕ್ಕಿದರೆ ಅವನನ್ನು ಕೂರಿಸಿ, ಅವನ ಅಜ್ಜನ ಮನೆಯು ಎಲ್ಲಿತ್ತೆಂದು ಕೇಳಿರಿ.